ದೊಡ್ಡಮ್ಮನ ಮುಲಾಮಿಗೊಂದು ವಿಮರ್ಶೆ

ಮಾರ್ಚ್ ೩, ಸೋಮವಾರ

ಬರುತ್ತಾರಂತೆ, ಅವನ ದೊಡ್ಡಮ್ಮ ನಮ್ಮ ಮನೆಗೆ ಬರುತ್ತಾರಂತೆ, ಬಂದು ಇಡೀ ಒಂದು ತಿಂಗಳು ಇರುತ್ತಾರಂತೆ! ಕಾಗದ ಇವತ್ತು ಬಂತು. ನನ್ನ ಗಂಡ (ಗಂಡ! ಮದುವೆಯಾಗಿ ಹತ್ತೊಂಬತ್ತು ದಿನವಾದರೂ ಈ ಪದ ಬರೆಯುವಾಗ ನಗು ಬರುತ್ತದೆ) ಅದನ್ನು ಮೂರು ಸಲ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು, ಬಾಗಿಲವರೆಗೆ ಹೋಗಿ, ಮತ್ತೆ ತೆಗೆದು ಓದಿದ. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವನನ್ನು ಎತ್ತಿ ಬೆಳೆಸಿದವರು ಅವರು. ಮದುವೆಗೆ ಎರಡು ವಾರ ಇರುವಾಗ ಬೇವಿನೆಲೆ ಕೀಳಲು ಏಣಿ ಹತ್ತಿ, ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿಬಿಟ್ಟರು. ಮದುವೆಗೇ ಬರಲಾಗಲಿಲ್ಲ.

"ದೊಡ್ಡಮ್ಮ ಬಂದು ನಿನ್ನ ನೋಡೋವರೆಗೂ ನನಗೆ ಅರ್ಧ ಮದುವೆ ಆದ ಹಾಗೇ ಕಣೇ" ಅನ್ನುತ್ತಾನೆ. ಹಾಗಾದರೆ ಉಳಿದರ್ಧ ಏಪ್ರಿಲ್‌ನಲ್ಲಿ! ಪ್ಲಾಸ್ಟರ್ ಬಿಚ್ಚಿದ ಮೇಲೆ ಹೊರಡುತ್ತಾರಂತೆ.

ಅವರಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಏನಿದ್ದರೂ ಕಾಗದವೇ. ಅದಕ್ಕೇ ಈ ಡೈರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್‌ಕೆಜಿಯಿಂದ ಕಾಲೇಜಿನವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಕೈ ಸ್ವಲ್ಪ ಪಳಗಲಿ. ಒತ್ತಕ್ಷರಗಳು ಇನ್ನೂ ಸಾಲಿನಿಂದ ಕೆಳಗೆ ಜಾರಿ ಬೀಳುತ್ತಿವೆ.

ಒಂದೇ ಒಂದು ಕಿರಿಕಿರಿ. ಕುತ್ತಿಗೆಯ ಎಡಗಡೆ ಕೆಂಪು ದದ್ದು ಎದ್ದಿದೆ, ಒಂದೇ ಸಮ ತುರಿಕೆ. ಸಂಜೆ ಕೆಲಸದಿಂದ ಬಂದವನೇ ಅವನು ಮುಖ ಹುದುಗಿಸುತ್ತಾನಲ್ಲ, ಸರಿಯಾಗಿ ಆ ಜಾಗದಲ್ಲೇ! ಅವನು ಸಾಬೂನು ಕಾರ್ಖಾನೆಯಲ್ಲಿ ಸುಗಂಧ ಬೆರೆಸುವವನು, ದಿನಕ್ಕೊಂದು ಪರಿಮಳ ಹೊತ್ತು ಮನೆಗೆ ಬರುತ್ತಾನೆ. ಶುಕ್ರವಾರ ಕಿತ್ತಳೆ, ಇವತ್ತು ಗುಲಾಬಿ. ನಾನು ಕರೆಯುವುದೇ ಪರಿಮಳರಾಯ ಎಂದು. ದದ್ದಿನ ವಿಷಯ ಅವನು ಆಗಲೇ ದೊಡ್ಡಮ್ಮನಿಗೆ ಬರೆದಿದ್ದನಂತೆ. ಮುಲಾಮು ಕಳಿಸುತ್ತಾರಂತೆ. ಅವರ ಸುತ್ತಮುತ್ತಲಿನವರೆಲ್ಲ ದದ್ದು, ತುರಿಕೆ ಅಂದರೆ ಅವರ ಬಾಗಿಲಿಗೇ ಬರುವುದಂತೆ.

ಮಾರ್ಚ್ ೬, ಗುರುವಾರ

ಮುಲಾಮು ಬಂತು! ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಪಾರ್ಸೆಲ್ಲನ್ನು ಕಾರ್ಖಾನೆಗೆ ತರಿಸಿಕೊಂಡಿದ್ದ. ಗಾಜಿನ ಜಾಡಿ, ಮೇಲೆ ಬಟ್ಟೆ ಕಟ್ಟಿದ ಮುಚ್ಚಳ. ನಾನು ಮೂಗು ಹಿಡಿದುಕೊಳ್ಳಲು ತಯಾರಾಗಿಯೇ ಕೂತಿದ್ದೆ. ಬೇವು ಅಂದರೆ ಕಹಿ, ಕಹಿ ಅಂದರೆ ವಾಸನೆ ಅಲ್ಲವೇ? ಮುಚ್ಚಳ ತೆಗೆದರೆ ಘಮಘಮ! ಎಲೆಗಳಿಗೆ ಇಂಥ ಪರಿಮಳ ಇರುತ್ತದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

"ಹೇಗಿದೆ?" ಅಂದ ಪರಿಮಳರಾಯ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ.

"ನಿಮ್ಮ ದೊಡ್ಡಮ್ಮ ಜಾದೂಗಾರ್ತಿ ಕಣೋ!" ಅಂದೆ. ಅವನ ಮುಖ ಅರಳಿತು.

ಜೊತೆಗೆ ಎರಡು ಹಾಳೆ ಚೀಟಿಯೂ ಇತ್ತು, ಎರಡೂ ಬದಿ ಇರುವೆ ಸಾಲಿನಂಥ ಕೈಬರಹ. "ಉಪಯೋಗಿಸುವ ಕ್ರಮ" ಅನ್ನುವಷ್ಟು ಓದಿದೆ. ಮುಲಾಮು ಹಚ್ಚುವುದಕ್ಕೆ ಕ್ರಮ ಏನಿದೆ? ಬೆರಳು, ಕುತ್ತಿಗೆ, ಅಷ್ಟೇ. ಅಡುಗೆಮನೆಯ ಡ್ರಾಯರ್‌ನಲ್ಲಿ ಬೆಂಕಿಪೊಟ್ಟಣಗಳ ಕೆಳಗೆ ಇಟ್ಟಿದ್ದೇನೆ, ಬಿಡುವಾದಾಗ ಓದೋಣ. ಈಗಲೇ ಕುತ್ತಿಗೆ ತುಂಬ ಬಳಿದುಕೊಂಡೆ, ಕೈಗಳಿಗೂ. ಪರಿಮಳ ಅಷ್ಟು ಚೆನ್ನಾಗಿತ್ತು.

ಮಾರ್ಚ್ ೯, ಭಾನುವಾರ

ಅಯ್ಯೋ.

ಕುತ್ತಿಗೆ ಕುಂಬಳಕಾಯಿಯ ಹಾಗೆ ಊದಿದೆ. ಕೈಯಲ್ಲಿ ನೀರುಗುಳ್ಳೆ. ಕನ್ನಡಿ ನೋಡಿದರೆ ನಾನೇ ಬೆಚ್ಚಿದೆ.

ಮಾರ್ಚ್ ೧೦, ಸೋಮವಾರ

ಚರ್ಮದ ಡಾಕ್ಟರು ಅಜ್ಜನ ವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದರು.

"ಏನಮ್ಮಾ ಹಚ್ಚಿದ್ದು?"

"ಗಿಡಮೂಲಿಕೆ ಸಾರ್. ನ್ಯಾಚುರಲ್."

"ನಂಜಿನ ಗಿಡವೂ ನ್ಯಾಚುರಲ್ಲೇ ಅಲ್ವೇನಮ್ಮಾ?" ಅಂದು, ಊತ ಇಳಿಯಲು ಔಷಧಿ ಬರೆದುಕೊಟ್ಟರು. ಮುಂದಿನ ಸೋಮವಾರ ಪಟ್ಟಿ ಪರೀಕ್ಷೆ: ಅಲರ್ಜಿ ತರುವ ಪದಾರ್ಥಗಳನ್ನು ಒಂದೊಂದಾಗಿ ಬೆನ್ನಿಗೆ ಅಂಟಿಸಿ, ಯಾವುದರ ಕೆಳಗೆ ಚರ್ಮ ಕೆಂಪಾಗುತ್ತದೆಂದು ನೋಡುವುದು. "ಆ ಮುಲಾಮಿನ ಜಾಡೀನೂ ತನ್ನಿ. ಅದನ್ನೂ ಅಂಟಿಸೋಣ."

ಪರಿಮಳರಾಯ ದಾರಿಯುದ್ದಕ್ಕೂ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದ. ಒಂದು ಸಲ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನನಗೆ ಡಾಕ್ಟರ ಕನ್ನಡಕ ನೆನಪಾಗಿ ಮಿಮಿಕ್ರಿ ಮಾಡಿ ತೋರಿಸಿದೆ. ಪಾಪ, ನಗಲೂ ಇಲ್ಲ.

ಮಾರ್ಚ್ ೧೩, ಗುರುವಾರ

ಆಫೀಸಿನಲ್ಲಿ ಸ್ಕಾರ್ಫ್ ಸುತ್ತಿಕೊಂಡು ಕೂತು, ದೊಡ್ಡಮ್ಮ ಮುಲಾಮಿಗೆ ಹಾಕುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೆನೆಂದು ಪರಿಮಳರಾಯ ಹೇಳಿದ ಬೇವು, ಲೋಳೆಸರ, ಅರಿಶಿನ ಎಲ್ಲವನ್ನೂ ಹುಡುಕಿ ಓದಿದೆ. ಕೂತಿರುವುದೇ ವೈದ್ಯಕೀಯ ಪತ್ರಿಕೆಯ ಆಫೀಸಿನಲ್ಲಿ. ಲೇಖನಗಳು ಬರುತ್ತವೆ, ಪರಿಣತರು ಅವುಗಳನ್ನು ಓದಿ ತಪ್ಪು ಹೆಕ್ಕುತ್ತಾರೆ, ಆ ವಿಮರ್ಶೆಗಳನ್ನು ಟೈಪ್ ಮಾಡಿ ಲೇಖಕರಿಗೆ ಕಳಿಸುವವಳು ನಾನು. ಎರಡು ವರ್ಷದಲ್ಲಿ ಆ ಭಾಷೆ ನನಗೆ ಬಾಯಿಪಾಠ. ಇನ್ನೊಬ್ಬರ ಬೆವರನ್ನು ನಾಲ್ಕು ಸಾಲಿನಲ್ಲಿ ಒರೆಸಿಹಾಕುವ ಭಾಷೆ!

ಸಂಪಾದಕಿ ಮೇಡಂ ನನ್ನ ಬೆನ್ನ ಹಿಂದೆ ನಿಂತು ನೋಡಿದರು. "ಏನು, ಹನಿಮೂನಿಗೆ ಬೇವಿನ ತೋಪಿಗೆ ಹೋಗ್ತಿದೀಯೇನಮ್ಮಾ?"

ಕಥೆ ಹೇಳಿದೆ. "ಇದಕ್ಕೆಲ್ಲ ಪುರಾವೆಯೇ ಇಲ್ಲ ಮೇಡಂ!" ಅಂದೆ.

"ಇಲ್ಲ ಅನ್ನೋದಕ್ಕೂ, ಯಾರೂ ಸರಿಯಾಗಿ ನೋಡಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಊಟ ಮಾಡು ಹೋಗು."

ಮಾರ್ಚ್ ೧೭, ಸೋಮವಾರ

ಬೆನ್ನ ಮೇಲೆ ಹದಿನಾರು ಪಟ್ಟಿಗಳು. ಸ್ನಾನ ಇಲ್ಲ, ಬಗ್ಗುವ ಹಾಗಿಲ್ಲ, ಬೆವರುವ ಹಾಗಿಲ್ಲ. ನಾನು ಈಗ ಅಂಚೆಗೆ ಹಾಕಲು ಸ್ಟಾಂಪು ಅಂಟಿಸಿದ ಲಕೋಟೆ. ಹದಿನಾರನೆಯದು ದೊಡ್ಡಮ್ಮನ ಮುಲಾಮು.

ಮಾರ್ಚ್ ೨೧, ಶುಕ್ರವಾರ

ಸಿಕ್ಕಿಬಿತ್ತು! ಬುಧವಾರ ಪಟ್ಟಿ ಕಿತ್ತಾಗಲೇ ಅನುಮಾನವಿತ್ತು, ಇವತ್ತು ಖಾತ್ರಿ. ಹದಿನಾರನೆಯ ಜಾಗ ಕೆಂಡದ ಹಾಗೆ ಕೆಂಪು. ಡಾಕ್ಟರು ಎಂಟನೆಯದೂ ಕೆಂಪಾಗಿದೆ ಅಂದರು. ಅದು "ಸುಗಂಧ ಮಿಶ್ರಣ", ಸಾಬೂನು, ಸೆಂಟುಗಳಲ್ಲಿ ಇರುವ ಕೆಲವು ಪದಾರ್ಥಗಳಂತೆ. "ಎಂಟಕ್ಕೂ ಹದಿನಾರಕ್ಕೂ ಏನೋ ನೆಂಟಸ್ತಿಕೆ ಇರಬಹುದು. ಮುಲಾಮಿನಲ್ಲಿ ಏನೇನು ಹಾಕಿದ್ದಾರೆ, ಬರೆಸ್ಕೊಂಡು ಬನ್ನಿ" ಅಂದರು. ಇರಲಿ, ಎಂಟರ ಕಥೆ ಆಮೇಲೆ ನೋಡೋಣ. ನನಗೆ ಹದಿನಾರು ಸಾಕು.

ಎಷ್ಟು ಜನ ಅವರ ಬಾಗಿಲಿಗೆ ಬರುತ್ತಾರೆ! ಅವರಿಗೆಲ್ಲ ಹೀಗೇ ಊದಿದರೆ? ಯಾರಾದರೂ ಹೇಳಲೇಬೇಕಲ್ಲ. ಕ್ಲಿನಿಕ್ಕಿನಿಂದ ಸೀದಾ ಆಫೀಸಿಗೆ ಹೋಗಿ, ಬಿಸಿಬಿಸಿಯಾಗಿಯೇ ಬರೆದು ಅಂಚೆಗೆ ಹಾಕಿದೆ. ಕೈಗೆ ಅಭ್ಯಾಸವಾದ ರೀತಿಯಲ್ಲೇ ಬಂತು. ನಕಲು ಇಲ್ಲಿದೆ:

"೧. ಬೇವಿನ ಮೇಲಿನ ಹೆಚ್ಚಿನ ಪ್ರಯೋಗಗಳು ಗಾಜಿನ ತಟ್ಟೆಯಲ್ಲಿ ಅಥವಾ ಇಲಿಗಳ ಮೇಲೆ ನಡೆದಿವೆ. ಮನುಷ್ಯರ ದದ್ದಿನ ಮೇಲೆ ಒಳ್ಳೆಯ ಪ್ರಯೋಗಗಳು ವಿರಳ.
೨. ಲೋಳೆಸರದ ಫಲಿತಾಂಶ ಒಂದೊಂದು ಪ್ರಯೋಗದಲ್ಲಿ ಒಂದೊಂದು ತರ.
೩. ಅರಿಶಿನವೇ ಕೆಲವರಿಗೆ ಅಲರ್ಜಿ ತರುತ್ತದೆ. ಇದನ್ನು ತಾವು ಗಮನಿಸಿದಂತಿಲ್ಲ.
೪. ಎಷ್ಟು ಜನರ ಮೇಲೆ ನೋಡಿದ್ದೀರಿ? ಯಾವುದಕ್ಕೆ ಹೋಲಿಸಿ? ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸುವ ಕ್ರಮ ಉಂಟೇ?
ತೀರ್ಮಾನ: ಈಗಿನ ರೂಪದಲ್ಲಿ ಒಪ್ಪಿಕೊಳ್ಳಲಾಗದು."

ಕೆಳಗೆ "ಪ್ರೀತಿಯಿಂದ, ನಿಮ್ಮ ಸೊಸೆ" ಎಂದು ಬರೆದು ಪಕ್ಕದಲ್ಲಿ ಒಂದು ಹೂವಿನ ಚಿತ್ರ ಬಿಡಿಸಿದ್ದೇನೆ. ಅವರಿಗೆ ನಗು ಬರಲಿ ಅಂತ. ಕನ್ನಡದಲ್ಲಿ ನಾನು ಬರೆದ ಮೊದಲ ಕಾಗದ! ಒತ್ತಕ್ಷರ ಒಂದೂ ಜಾರಿಲ್ಲ. ಪರಿಮಳರಾಯನಿಗೆ ಹೇಳಿಲ್ಲ, ಉತ್ತರ ಬಂದ ಮೇಲೆ ಒಟ್ಟಿಗೆ ತೋರಿಸುತ್ತೇನೆ. ಪರೀಕ್ಷೆಯ ಫಲಿತಾಂಶ ಹೇಳಿದ್ದಕ್ಕೇ ಅವನ ಮುಖ ಬಿಳಿಚಿಕೊಂಡಿತು. "ನೋಡು, ನಾನೊಂದು ವಿಷಯ..." ಅಂದ. "ನಿನ್ನ ತಪ್ಪೇನಿಲ್ಲ ಬಿಡೋ" ಎಂದು ಸಮಾಧಾನ ಮಾಡಿದೆ.

ಮಾರ್ಚ್ ೨೬, ಬುಧವಾರ

ಕಾರ್ಡು ಬಂತು. ನಾಲ್ಕೇ ಸಾಲು.

"ಚಿ. ಸೊಸೆಗೆ ಆಶೀರ್ವಾದ. ನಿನ್ನ ಕಾಗದ ತಲುಪಿತು. ನಿನಗೆ ನೋವಾಗಿದ್ದಕ್ಕೆ ಬಹಳ ಸಂಕಟವಾಯಿತು. ಇನ್ನು ಮೇಲೆ ಮುಲಾಮು ಮಾಡುವುದಿಲ್ಲ, ಕೇಳಿಕೊಂಡು ಬಂದವರನ್ನು ವಾಪಸು ಕಳಿಸಿದ್ದೇನೆ, ಕುಟ್ಟಾಣಿಯನ್ನು ಅಟ್ಟದ ಮೇಲೆ ಹಾಕಿಸಿದೆ. ಕಾಲು ಇನ್ನೂ ಸರಿಯಿಲ್ಲ, ಸದ್ಯ ಬರಲಾಗುವುದಿಲ್ಲ."

ಬಾಗಿಲಲ್ಲಿ ಅದನ್ನು ಓದಿದವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಯಾವ ಕಾಗದ?"

ನಕಲು ಕೊಟ್ಟೆ. ಓದಿದ. ಕುರ್ಚಿಗೆ ಕುಸಿದ.

"ಅದರಲ್ಲಿ ನಾನು ಆರು ಹನಿ ಹಾಕಿದ್ದೆ ಕಣೇ."

"ಏನು ಹಾಕಿದ್ದೆ?"

"ಸೆಂಟು. ಕಾರ್ಖಾನೇದು. ಗುಲಾಬಿ ನಾಲ್ಕು, ಲವಂಗದೆಣ್ಣೆ ಎರಡು. ದೊಡ್ಡಮ್ಮನ ಮುಲಾಮು ಹಸಿ ಬೇವಿನ ಘಾಟು. ಚಿಕ್ಕವನಿದ್ದಾಗ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ನೀನು ಮೂಗು ಮುಚ್ಕೊಂಡ್ರೆ ಮೊದಲ ದಿನವೇ ಅವರ ಮೇಲೆ ಬೇಜಾರು ಬಂದುಬಿಡುತ್ತೆ ಅಂತ... ನಿನಗೆ ಅವರು ಇಷ್ಟ ಆಗಲಿ ಅಂತ."

"ಮುಂಚೆಯೇ ಯಾಕೆ ಹೇಳಲಿಲ್ಲ?"

"ಎಷ್ಟು ಸಲ ಬಾಯಿ ತೆರೆದೆ? ನೀನು ಬಿಟ್ರೆ ತಾನೇ!"

ಜಗಳವಾಡೋಣ ಎಂದುಕೊಂಡೆ, ಆಗಲಿಲ್ಲ. ಅವನು ಅಳುತ್ತಿದ್ದ. ಅವನ ಚಪ್ಪಲಿಯನ್ನು ನಾನೇ ಕಳಚಿಟ್ಟೆ.

ಮಾರ್ಚ್ ೨೭, ಗುರುವಾರ

ರಜೆ ಹಾಕಿ ಚೀಟಿ ಹುಡುಕಿದೆ. ಬೆಂಕಿಪೊಟ್ಟಣಗಳ ಕೆಳಗೇ ಇತ್ತು. ಇರುವೆ ಸಾಲನ್ನು ಒಂದೊಂದೇ ಅಕ್ಷರ ಹಿಡಿದು ಓದಲು ಒಂದೂವರೆ ಗಂಟೆ ಬೇಕಾಯಿತು.

"ಹೊಸ ಚರ್ಮಕ್ಕೆ ಒಮ್ಮೆಗೇ ಹಚ್ಚಬಾರದು. ಮೊಣಕೈ ಒಳಮಗ್ಗುಲಲ್ಲಿ ಉದ್ದಿನ ಕಾಳಿನಷ್ಟು ಹಚ್ಚಿ ಎರಡು ದಿನ ಕಾಯಿ. ಕೆಂಪಾದರೆ ತೊಳೆದುಬಿಡು, ನನಗೆ ಬೇಜಾರಿಲ್ಲ.

ಲೋಳೆಸರ ಕತ್ತರಿಸಿ ನೆಟ್ಟಗೆ ನಿಲ್ಲಿಸಿ ಹಳದಿ ರಸವೆಲ್ಲ ಇಳಿದ ಮೇಲೆ ಒಳಗಿನ ತಿಳಿ ಮಾತ್ರ ತೆಗೆದಿದ್ದೇನೆ. ಆ ಹಳದಿ ರಸವೇ ತುರಿಸುವುದು.

ಅರಿಶಿನ ಹಾಕಿಲ್ಲ. ಮೊದಲು ಹಾಕುತ್ತಿದ್ದೆ, ಮೂವರಿಗೆ ಉರಿ ಬಂತು, ಬಿಟ್ಟೆ.

ಒಂದು ಸಲ ಹದಿನಾಲ್ಕು ಜನಕ್ಕೆ ಒಂದು ಕೈಗೆ ಬರೀ ತೆಂಗಿನೆಣ್ಣೆ, ಇನ್ನೊಂದು ಕೈಗೆ ಇದು ಹಚ್ಚಿ ನೋಡಿದೆ. ಒಂಬತ್ತು ಜನಕ್ಕೆ ಎರಡೂ ಒಂದೇ. ಐದು ಜನಕ್ಕೆ ಇದು ವಾಸಿ. ಆದ್ದರಿಂದ ಬಡಾಯಿ ಹೊಡೆಯುವುದಿಲ್ಲ. ಎಣ್ಣೆಯದೇ ಗುಣವಿದ್ದರೂ ಇರಬಹುದು.

ಕೀವಾದರೆ, ಜ್ವರ ಬಂದರೆ ನನ್ನನ್ನು ನಂಬಿ ಕೂರಬೇಡ, ಡಾಕ್ಟರ ಹತ್ತಿರ ಹೋಗು."

ಕೊನೆಯಲ್ಲಿ, ಅಡಿಗೆರೆ ಎಳೆದು:

"ವಾಸನೆಗೆಂದು ಏನನ್ನೂ ಬೆರೆಸಬಾರದು. ಅವನಿಗೆ ಆ ಚಪಲ ಇದೆ. ನೋಡಿಕೋ."

ನಾನು ನಾಲ್ಕು ಆಕ್ಷೇಪ ಎತ್ತಿದ್ದೆ. ನಾಲ್ಕಕ್ಕೂ ಉತ್ತರ ಹದಿನೈದು ದಿನ ಮೊದಲೇ ನನ್ನ ಡ್ರಾಯರ್‌ನಲ್ಲಿತ್ತು.

ಮಾರ್ಚ್ ೨೮, ಶುಕ್ರವಾರ

ಚೀಟಿಯನ್ನು ಸಂಪಾದಕಿ ಮೇಡಂಗೆ ತೋರಿಸಿದೆ. ಎರಡು ಸಲ ಓದಿದರು.

"ಹದಿನಾಲ್ಕು ಜನ ಸಾಲದು. ಯಾವ ಕೈಗೆ ಏನು ಅಂತ ಹಚ್ಚಿಸಿಕೊಂಡವರಿಗೆ ಗೊತ್ತಿತ್ತೋ ಏನೋ. ಆದರೆ ನಮ್ಮಲ್ಲಿ ಬರೋ ಅರ್ಧ ಲೇಖಕರಿಗಿಂತ ಈಯಮ್ಮ ಪ್ರಾಮಾಣಿಕರು. ತೆಂಗಿನೆಣ್ಣೆ ಒಣ ಚರ್ಮದ ತುರಿಕೆಗೆ ಒಳ್ಳೇದು ಅಂತ ಸಣ್ಣಪುಟ್ಟ ಪ್ರಯೋಗಗಳು ನಿಜವಾಗಿಯೂ ಹೇಳ್ತವೆ. ಅವರ ಅನುಮಾನ ಸರಿಯಾಗೇ ಇದೆ." ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ಓದದೇ ವಿಮರ್ಶೆ ಬರೆಯೋರನ್ನ ನಾವೇನು ಮಾಡ್ತೀವಿ?"

"ವಿಮರ್ಶಕರ ಪಟ್ಟಿಯಿಂದ ತೆಗೀತೀವಿ ಮೇಡಂ."

"ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ?"

"ತಿದ್ದುಪಡಿ ಹಾಕ್ತೀವಿ. ತಪ್ಪು ಎಷ್ಟು ದೊಡ್ಡದಾಗಿ ಬಂದಿತ್ತೋ ಅಷ್ಟೇ ದೊಡ್ಡದಾಗಿ."

"ಮತ್ತೆ ಇಲ್ಲೇನು ಮಾಡ್ತಿದೀಯ?"

ಆದರೆ ಬರೀ ಕ್ಷಮೆ ಕೇಳಿದರೆ ಅವರು ನಂಬುತ್ತಾರೆಯೇ? ಸೊಸೆ ಸಂಕೋಚಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಕುಟ್ಟಾಣಿ ಅಟ್ಟದಲ್ಲೇ ಉಳಿಯುತ್ತದೆ. ಮತ್ತೆ ಪರೀಕ್ಷೆಯಾಗಬೇಕು. ಹನಿ ಬೀಳದ ಮುಲಾಮು ಎಲ್ಲಿಂದ ತರುವುದು ಎಂದು ಪರಿಮಳರಾಯನನ್ನು ಕೇಳಿ, ಸುಮ್ಮನೆ ಕೂತೆ. ಅವನು ಯೋಚಿಸಿ ಯೋಚಿಸಿ ಹೇಳಿದ: ಕಾರ್ಖಾನೆಯ ಲಾಕರ್‌ನಲ್ಲಿ ಒಂದು ಡಬ್ಬಿ ಇದೆಯಂತೆ. ಒಡೆದ ಕೈಗೆ ಹಚ್ಚಿಕೊಳ್ಳಲು ದೊಡ್ಡಮ್ಮ ಜನವರಿಯಲ್ಲಿ ಕೊಟ್ಟದ್ದು. ಸಂಜೆ ತಂದ. ಮುಚ್ಚಳ ತೆಗೆದೆವು. ಅಬ್ಬಾ, ಏನು ಘಾಟು! ಇಬ್ಬರೂ ಮೂಗು ಹಿಡಿದುಕೊಂಡೇ ನಕ್ಕೆವು, ಎರಡು ದಿನದ ಮೇಲೆ.

ಮೊಣಕೈ ಒಳಗೆ ಉದ್ದಿನ ಕಾಳಿನಷ್ಟು ಹಚ್ಚಿ ಕಾಯುತ್ತಿದ್ದೇನೆ.

ಮಾರ್ಚ್ ೩೧, ಸೋಮವಾರ

ಮೊಣಕೈಯಲ್ಲಿ ಏನೂ ಇಲ್ಲ. ಡಾಕ್ಟರು ಬೆನ್ನಿಗೆ ಎರಡು ಪಟ್ಟಿ ಅಂಟಿಸಿದರು: ಒಂದು ಘಾಟಿನ ಮುಲಾಮು, ಇನ್ನೊಂದರಲ್ಲಿ ಪರಿಮಳರಾಯ ತಂದುಕೊಟ್ಟ ಸೆಂಟು, ಹದವಾಗಿ ತೆಳ್ಳಗೆ ಮಾಡಿದ್ದು.

"ದಿನಾ ಈ ಬಟ್ಟೆಯಲ್ಲೇ ಮನೆಗೆ ಬರ್ತೀರೇನಪ್ಪಾ?" ಎಂದು ಅವನ ಅಂಗಿ ಮೂಸಿ ಕೇಳಿದರು.

"ಹೌದು ಸಾರ್."

"ಬಂದು?"

ಪರಿಮಳರಾಯ ನನ್ನ ಕುತ್ತಿಗೆ ನೋಡಿದ. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಡಾಕ್ಟರು ಕೆಮ್ಮಿ ಏನೋ ಬರೆದುಕೊಂಡರು.

ಏಪ್ರಿಲ್ ೪, ಶುಕ್ರವಾರ

ಮುಲಾಮಿನ ಜಾಗ ಹಾಲಿನಂತೆ ಸ್ವಚ್ಛ. ಸೆಂಟಿನ ಜಾಗ ಕೆಂಪು. ಅಂದರೆ ನನಗೆ ಅಲರ್ಜಿ ಇರುವುದು ದೊಡ್ಡಮ್ಮನ ಎಲೆಗಳಿಗಲ್ಲ, ನನ್ನ ಗಂಡನ ಸಂಬಳದ ಕೆಲಸಕ್ಕೆ! ಮೊದಲ ದದ್ದು ಎದ್ದದ್ದೂ ಅದರಿಂದಲೇ. ಇನ್ನು ಮೇಲೆ ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಬೇರೆ ಅಂಗಿ ಹಾಕಿಕೊಂಡು ಬರಬೇಕೆಂದು ಡಾಕ್ಟರ ಆಜ್ಞೆ.

ಕಾಗದ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಸಂಖ್ಯೆ ಹಾಕಲಿಲ್ಲ. ಚೀಟಿ ಓದದೇ ವಿಮರ್ಶೆ ಬರೆದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಆರು ಹನಿಯ ವಿಷಯ ಅವನೇ ತನ್ನ ಕೈಯಾರೆ ಬರೆದ. ಎರಡೂ ಪರೀಕ್ಷೆಯ ಫಲಿತಾಂಶ, ಡಾಕ್ಟರ ಸಹಿ. ಮುಲಾಮು ನನ್ನ ದದ್ದನ್ನು ವಾಸಿ ಮಾಡಿತು ಎಂದು ಬರೆಯಲಿಲ್ಲ, ಅದು ನಮಗೆ ಗೊತ್ತಿಲ್ಲ. ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. "ಅದು ನನಗೆ ಏನೂ ಕೆಡುಕು ಮಾಡಲಿಲ್ಲ. ಕುಟ್ಟಾಣಿ ಅಟ್ಟದಿಂದ ಇಳಿಯಲಿ. ಒಬ್ಬರು ಹಚ್ಚಿ, ಇನ್ನೊಬ್ಬರು ನೋಡಿ ಬರೆದುಕೊಳ್ಳುವ ಹಾಗೆ, ಯಾವ ಕೈಗೆ ಯಾವುದು ಎಂದು ಯಾರಿಗೂ ತಿಳಿಯದ ಹಾಗೆ ಮತ್ತೊಮ್ಮೆ ನೋಡೋಣವೇ? ಬರೆದುಕೊಳ್ಳುವವಳು ನಾನಾಗುತ್ತೇನೆ" ಎಂದು ಕೇಳಿದ್ದೇನೆ.

ಹೂವಿನ ಚಿತ್ರ ಬಿಡಿಸಲಿಲ್ಲ.

ಏಪ್ರಿಲ್ ೮, ಮಂಗಳವಾರ

ಕಾಗದ ಇಲ್ಲ. ಪರಿಮಳರಾಯ ಈಗ ಯಾವ ವಾಸನೆಯೂ ಇಲ್ಲದೆ ಮನೆಗೆ ಬರುತ್ತಾನೆ. ಮೊದಲ ದಿನ ಯಾರೋ ಅಪರಿಚಿತರು ಬಂದ ಹಾಗಾಯಿತು. ಕುತ್ತಿಗೆ ವಾಸಿಯಾಗಿದೆ.

ಏಪ್ರಿಲ್ ೧೦, ಗುರುವಾರ

ಇಲ್ಲ.

ಏಪ್ರಿಲ್ ೧೨, ಶನಿವಾರ

ಇಲ್ಲ. ಅಂಚೆಯವರು ನನ್ನನ್ನು ಗೇಟಿನಲ್ಲಿ ಕಂಡು ದೂರದಿಂದಲೇ ತಲೆಯಾಡಿಸಿದರು. ಊಟಕ್ಕೆ ಕೂತಾಗ ಅವನು ತನ್ನ ಬಾಲ್ಯದ ಕಥೆಯೊಂದನ್ನು ಹೇಳತೊಡಗಿದ. ಒಮ್ಮೆ ಅವನಿಗೆ ಮೈತುಂಬ ಗುಳ್ಳೆಯಾದಾಗ ದೊಡ್ಡಮ್ಮ ಮೊದಲು ತಮ್ಮ ಕೈಗೇ ಹಚ್ಚಿಕೊಂಡು ಎರಡು ದಿನ ನೋಡಿದರಂತೆ. ಅವನು ತುರಿಕೆಗೆ ಅಳುತ್ತಿದ್ದರೆ ಇವರೂ ಪಕ್ಕದಲ್ಲಿ ಕೂತು ಅಳುತ್ತಿದ್ದರಂತೆ, ಹಚ್ಚದೆ. ಕಥೆ ಮುಗಿಯುವಷ್ಟರಲ್ಲಿ ತಟ್ಟೆ ಒಣಗಿಹೋಗಿತ್ತು. ಮಧ್ಯೆ ನಾನು ಏನೂ ಹೇಳಲಿಲ್ಲ ಎಂದು ಅವನೇ ಹೇಳಿದ, ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದ.

ನಮ್ಮ ದೊಡ್ಡಮ್ಮನ ಕಾಲು ಹೇಗಿದೆಯೋ. ಅಟ್ಟ ಹತ್ತದಿರಲಿ.

ಏಪ್ರಿಲ್ ೧೬, ಬುಧವಾರ

ಬಂತು! ಲಕೋಟೆ ಹರಿಯುವ ಆತುರದಲ್ಲಿ ಅರ್ಧ ಸಾಲೂ ಹರಿಯಿತು, ಅಂಟಿಸಿಕೊಂಡು ಓದಿದೆವು. ಇರುವೆ ಸಾಲು ಈಗ ಒಂದೇ ಸಲಕ್ಕೆ ಓದಲು ಬರುತ್ತದೆ. ನಾನು ಗಟ್ಟಿಯಾಗಿ ಓದಿದೆ, ಅವನು ಬಾಗಿಲಿಗೆ ಒರಗಿ ನಿಂತು ಕೇಳಿದ. ಇಡೀ ಕಾಗದ ಇಲ್ಲೇ ಬರೆದುಕೊಳ್ಳುತ್ತೇನೆ:

"ಚಿ. ಸೊಸೆಯ ಎರಡನೆಯ ಕಾಗದದ ಬಗ್ಗೆ.

೧. ಅಕ್ಷರ ಇನ್ನೂ ಗುಂಡಗಾಗಬೇಕು. ಒತ್ತಕ್ಷರ ಐದು ಕಡೆ ಜಾರಿದೆ.
೨. ಕ್ಷಮೆಯನ್ನು ಮೂರು ಸಲ ಕೇಳಲಾಗಿದೆ. ಒಂದು ಸಾಕಿತ್ತು.
೩. ಮೊದಲ ಕಾಗದದಲ್ಲಿ ಹೂವಿನ ಚಿತ್ರವಿತ್ತು. ಇದರಲ್ಲಿ ಇಲ್ಲ. ಯಾಕೆಂದು ತಿಳಿಸಿಲ್ಲ.
೪. ಆರು ಹನಿ ಎಂದು ಅವನು ಬರೆದಿದ್ದಾನೆ. ಅವನನ್ನು ನಾನು ಬಲ್ಲೆ, ಹತ್ತಾದರೂ ಹಾಕಿರುತ್ತಾನೆ. ಮತ್ತೊಮ್ಮೆ ವಿಚಾರಿಸತಕ್ಕದ್ದು.
೫. ಯಾವ ಕೈಗೆ ಯಾವುದು ಎಂದು ಯಾರಿಗೂ ತಿಳಿಯಬಾರದು ಎನ್ನುವ ಯೋಚನೆ ಚೆನ್ನಾಗಿದೆ. ನನಗೆ ಹೊಳೆದಿರಲಿಲ್ಲ. ಆದರೆ ಘಾಟು ತಿಳಿದುಬಿಡುತ್ತದಲ್ಲ, ಅದಕ್ಕೇನು ಮಾಡುವೆ? ಬಂದ ಮೇಲೆ ಕೂತು ಯೋಚಿಸೋಣ.

ತೀರ್ಮಾನ: ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಒಪ್ಪಿಗೆ.

ಪ್ಲಾಸ್ಟರ್ ಬಿಚ್ಚಿದರು. ಕುಟ್ಟಾಣಿ ಚೀಲದಲ್ಲಿದೆ, ಬಹಳ ಭಾರ, ಸ್ಟೇಷನ್ನಿಗೆ ಇಬ್ಬರೂ ಬನ್ನಿ. ಅವನು ಸ್ನಾನ ಮಾಡಿ ಬರಲಿ."

"ಎಷ್ಟು ಹನಿ?" ಎಂದು ಕೇಳಿದೆ.

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದ. ಅದೂ ಮುಗಿಯಿತು. "ಹನ್ನೊಂದು" ಅಂದ.

ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಮುಖವನ್ನು ನನ್ನ ಕುತ್ತಿಗೆಯಲ್ಲಿ ಹುದುಗಿಸಿ ಬಹಳ ಹೊತ್ತು ಹಾಗೇ ಇದ್ದ. ಬರೀ ನೀರಿನ ವಾಸನೆ.

ಹಾಂ, ಕಾಗದದ ಅಂಚಿನಲ್ಲಿದ್ದ ಒಂದು ಸಾಲನ್ನು ಇಲ್ಲಿ ಬರೆದುಕೊಳ್ಳಲು ಮರೆತೆ. ಪಕ್ಕದಲ್ಲಿ ಒಂದು ಸಣ್ಣ ಹೂವು ಬಿಡಿಸಿ ಬರೆದಿದ್ದಾರೆ: ಶನಿವಾರ, ಬೆಳಗಿನ ಏಳೂ ಹತ್ತರ ಪ್ಯಾಸೆಂಜರ್ ರೈಲು.